ಬೀದಿಗೊಂದು ಆಸ್ಪತ್ರೆ

ಎರಡು ಸಾವಿರದ ಇಸವಿಯ ಒಂದು ಬೆಳಗ್ಗೆ, ಶಿವಾಜಿನಗರದ ಆಸ್ಪತ್ರೆಯಲ್ಲಿ ಸಕ್ಕರೆ ಪರೀಕ್ಷೆಗೆ ಕಾಯುತ್ತಿದ್ದ ಶಿವಲೀಲಮ್ಮನ ಕಿವಿ ಹಿಂದಿನ ಬೆಂಚಿನ ಇಬ್ಬರು ಹಿರಿಯರ ಕಡೆಗಿತ್ತು.

“ಪಾಷಾ ಭಾಯ್, ಗೋಡೆ ಮೇಲೆ ಸರ್ಕಾರದವ್ರು ಬರೆಸಿರೋದು ಓದಿದ್ರಾ? ಎರಡು ಸಾವಿರದ ಇಪ್ಪತ್ತರ ಹೊತ್ತಿಗೆ ಬೀದಿಗೊಂದು ಆಸ್ಪತ್ರೆಯಂತೆ!”

“ಅಲ್ಲೀವರೆಗೆ ನಿಮ್ಮ ಕಾಲು ಉಳೀಬೇಕಲ್ಲ ಸಂಗಣ್ಣ. ಗಾಯ ಇನ್ನೂ ಮಾಯ್ತಿಲ್ಲ.”

“ಅದಕ್ಕೇ ಬಂದಿದೀನಲ್ಲ.”

“ಖಾಲಿ ಹೊಟ್ಟೇಲಿ ಬನ್ನಿ ಅಂದಿದ್ರು. ಮೀಸೆಗೆ ಅಂಟಿರೋದೇನು?”

“ಪ್ರಸಾದ ರೀ. ಬೇಡ ಅನ್ನೋಕಾಗುತ್ತಾ?”

“ಪ್ರಸಾದಕ್ಕೆ ಕೇಸರಿಬಾತ್ ಸರಿ. ಬಾಯಲ್ಲಿ ಕಾಫಿ ವಾಸನೆ ಬರ್ತಿದೆ, ಅದನ್ನೂ ದೇವ್ರೇ ಕೊಟ್ನಾ?”

ಶಿವಲೀಲಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡರು.

“ಹಂಗಾದ್ರೆ ಇವತ್ತು ರಕ್ತ ತಗೊಳ್ಳಲ್ವಾ?”

“ಇಲ್ಲ. ನಾಳೆ ನಮಾಜ್ ಮುಗಿಸಿ ಸೀದಾ ನಿಮ್ಮನೇಗೆ ಬರ್ತೀನಿ, ಒಲೆ ಹಚ್ಚೋಕ್ಮುಂಚೆ.”

“ಅಷ್ಟು ಬೇಗಾನಾ?”

“ಸರ್ಕಾರದವ್ರು ಅಷ್ಟು ವರ್ಷ ಮುಂದಕ್ಕೆ ನೋಡ್ತಾರೆ. ನೀವು ನಾಳೆ ಬೆಳಗ್ಗೆವರೆಗೆ ನೋಡಿ, ಸಾಕು. ಏಳಿ.”

ಸಂಗಣ್ಣ ಭಾಯಿಯ ಹೆಗಲು ಹಿಡಿದು ಕುಂಟುತ್ತ ಹೊರಟರು.