ಮೋಟ್ರು ಮನೆ ಬಾಗ್ಲಲ್ಲಿ ನಾನಂದ ಮಾತು

…ನಗಬ್ಯಾಡಿ ಕಣ್ರಲಾ, ಆ ವೀಡಿಯೋ ನೋಡಿದ್ದು ಸಾಕು, ಮೊಬೈಲ್ ಮಡಗಿ ಅತ್ಲಾಗೆ. ಅದ್ರಲ್ಲಿರೋನಂಗೆ ಪೋಲೀಸ್ರ ಮೇಲೆ ಮಚ್ಚೆತ್ಕಂಡು ಬಿದ್ದೋನು ಉಟ್ತಾನೇ ರಾಕ್ಷಸ ಅನ್ಕಂಡಿದ್ದೀರಾ? ನೀವು ನೋಡಿಲ್ದ ನಿಮ್ಮ ಚಿಕ್ಕತಾತ, ನನ್ ಮೈದ್ನ ರಂಗ, ಅವ್ನೂ ಅಂಗೇ ಬಿದ್ದಿದ್ದು. ನಾನು ನುಗ್ಗೇಹಳ್ಳಿಗೆ ಸೊಸೆಯಾಗಿ ಬಂದಾಗ ಅವ್ನಿಗೆ ಏಳೊರ್ಸ, ಅಲ್ಲ, ಎಂಟಿರ್ಬೇಕು, ನನ್ ಕೈತುತ್ತೇ ತಿಂದು ಬೆಳದ. ಮನೇಲಿ ಕೋಳಿ ಕುಯ್ದ್ರೆ ಎದ್ದೋಯ್ತಿದ್ದ, ಗೊತ್ತಾ, ನೋಡಕ್ಕಾಗ್ದೆ. ಅಂತೋನು ಬೋರ್‌ವೆಲ್ ನೀರಿಗೆ ಪಕ್ಕದ ತ್ವಾಟದೋನ ಜೊತೆ ಮಾತಿಗ್ ಮಾತು ಬೆಳುಸ್ಕಂಡು, ಕೈಲಿದ್ದ ಗುದ್ದಲಿ ಬೀಸ್ಬುಟ್ಟ. ಒಂದೇ ಏಟು. ಒಂದೇ ಏಟು ಕಣ್ರಲಾ, ಆಸ್ಪತ್ರೆ ಸೇರಕ್ ಮುಂಚೆ ಆವಯ್ಯನ ಉಸ್ರು ನಿಂತೋಯ್ತು. ಇವ್ನು ನಮ್ಮ ತ್ವಾಟದ ಪಂಪ್‌ಸೆಟ್ಟಿನ ಮೋಟ್ರು ಮನೆ ಒಕ್ಕಂಡು ಅಗಣಿ ಆಕ್ಕಂಡ.

ಮಾರ್ನೇ ದಿನ ಬೆಳಿಗ್ಗೆ ನಾಕು ಜನ ಪೋಲೀಸ್ರು ಬಂದ್ರು. ಸಬ್‌ಇನ್‌ಸ್ಪೆಕ್ಟ್ರು, "ಕರೀರಮ್ಮ, ನೀವು ಕರುದ್ರೆ ಬರ್ತಾನಂತೆ" ಅಂದ್ರು. "ಲೇ ರಂಗ, ಬಾರ್ಲಾ" ಅಂದೆ. ಒಳಗಿಂದ, "ಒಡುದ್ರೆ ಒಡುಸ್ಕತೀನತ್ಗೆ, ಜೀವ ಒಂದು ಬುಡ್ತಾರಾ ಕೇಳು" ಅಂದ. ಕೇಳ್ಬೇಕಿತ್ತು ನಾನು. ಕೇಳ್ನಿಲ್ಲ. ಎದುರ್ಗೆ ತ್ವಾಟದ ಬದುವಿನ ಮೇಲೆ ಸತ್ತೋನ ಹೆಂಡ್ರು ಕುಂತಿದ್ಲು, ಅವಳ ಮಕ ನೋಡಿ ತಡೀನಾರ್ದೆ, "ಮಾಡಿದ್ಮೇಲೆ ನೇಣಾದ್ರೂ ಆಗ್ಲಿ, ಬಾ ಈಚ್ಗೆ!" ಅಂದ್ಬುಟ್ಟೆ. ಆಮೇಲೆ ಅಗಣಿ ಸರಿದಿದ್ದು ಕೇಳುಸ್ತು. ಎಳ್ನೀರು ಕೆತ್ತಕ್ಕೆ ಅಲ್ಲಿ ಮಡಗಿದ್ದ ಮಚ್ಚಿಡ್ಕಂಡೇ ಬಂದ. ಮುಂದಿದ್ದ ಕಾನ್‌ಸ್ಟೇಬಲ್ ಬಲಗೈ ಅಡ್ಡ ಕೊಟ್ಟ, ಏಟು ಕೈಗೇ ಬಿತ್ತು. ಮೂರು ಜನ ಸೇರಿ ರಂಗನ್ನ ಕೆಡವ್ಕಂಡ್ರು. ಕೆಳಗೆ ಬಿದ್ದೋನು ನನ್ನೇ ನೋಡ್ತಿದ್ದ, ಆದ್ರೆ ಗುರ್ತೇ ಸಿಕ್ದಂಗೆ.

ಹಾಸನದ ಜೈಲಿಗೋಗಿ ಕೇಳ್ದೆ, "ಆ ಪೋಲೀಸ್ನೋನು ನಿಂಗೇನ್ಲಾ ಮಾಡಿದ್ದ?" ಅಂತ.

"ಏನೂ ಮಾಡಿರ್ನಿಲ್ಲ. ನೀನು ನೇಣು ಅಂದ್ಯಲ್ಲತ್ಗೆ. ಎಂಗೂ ಸಾಯೋದೇ ಅಂದ್ಮೇಲೆ, ಇನ್ನೊಬ್ಬನ್ನ ಕಡುದ್ರೆ ಇನ್ನೊಂದ್ಸಲ ನೇಣಾಕ್ತಾರಾ? ಓಡಕ್ಕೊಂದು ಸಂದು ಸಿಕ್ಕೀತೇನೋ ಅನ್ನುಸ್ತು, ಅಷ್ಟೇ."

ಲಾಯರ್ರು ಆಮೇಲೆ ಯೋಳುದ್ರು, ಜಗಳದ ಸಿಟ್ಟಲ್ಲಿ ಆಗಿದ್ದು, ನೇಣು ಅನ್ನೋ ಮಾತೇ ಇರ್ನಿಲ್ಲ ಅಂತ. ಆದ್ರೆ ಪೋಲೀಸ್ನೋನ್ನ ಕಡ್ದಿದ್ದೂ ಕೇಸ್ಗೆ ಸೇರ್ಕಂತು. ಇನ್ನೂ ಜೈಲೊಳಗವ್ನೆ. ಆ ಕಾನ್‌ಸ್ಟೇಬಲ್ನ ಒಂದಿನ ಹೊಳೆನರಸೀಪುರದ ಬಸ್‌ಸ್ಟ್ಯಾಂಡಲ್ಲಿ ಕಂಡೆ, ಎಡಗೈಲಿ ಟೀ ಕುಡೀತಿದ್ದ, ಬಲಗೈ ಬೆರಳು ಮಡ್ಚಕ್ಕಾಗ್ತಿರ್ನಿಲ್ಲ. ಸೆರಗೆಳ್ಕಂಡು ಸಿಕ್ಕಿದ್ ಬಸ್ ಅತ್ಬುಟ್ಟೆ, ಎತ್ಲಾಗೋಗೋದು ಅಂತ್ಲೂ ನೋಡ್ನಿಲ್ಲ. ಈಗ್ಲೂ ಅನ್ನ ಕಲ್ಸಕ್ಕೆ ಕುಂತ್ರೆ ಆ ಬೆರಳೇ ಕಣ್ಮುಂದೆ ಬತ್ತವೆ. ಅದ್ಕೇ ಯೋಳೋದು, ಎದ್ರುಕಂಡು ಬಾಗ್ಲಾಕ್ಕಂಡಿರೋರ್ನ ಕರೆಯೋವಾಗ ಮುಂದೇನಾಯ್ತದೆ ಅಂತ ಯೋಳಕ್ಕೋಗ್ಬ್ಯಾಡಿ. "ಬಾ, ನಾನಿವ್ನಿ ನಿನ್ ಜೊತ್ಗೆ" ಅನ್ನಿ. ಆಟೇಯ.