ಅಂಕಪಟ್ಟಿಯ ಸಾಲು ಬಿಟ್ಟವರು

ಹೈಸ್ಕೂಲ್ ಆಫೀಸಿನ ಕಿಟಕಿಯ ಮುಂದೆ ಹತ್ತನೇ ತರಗತಿಯ ಅಂಕಪಟ್ಟಿಗೆ ಸಾಲು ನಿಂತಿತ್ತು. ಮಗನ ಅಂಕಪಟ್ಟಿ ಒಯ್ಯಲು ಹೊಲಿಗೆ ಅರ್ಧಕ್ಕೆ ಬಿಟ್ಟು ಬಂದಿದ್ದ ಟೈಲರ್ ಹೆಂಗಸಿನ ಮುಂದೆ ಚರ್ಚಿನ ಪಾಸ್ಟರು, ಅವರ ಮಗಳು ನಿಂತಿದ್ದರು. ಅವರ ಪಿಸುಮಾತಿಗೆ ಕಿವಿಗೊಡಬಾರದು ಎಂದುಕೊಂಡಳು ಹಿಂದಿದ್ದವಳು, ಆದರೆ ಆಗಲಿಲ್ಲ.

"ಭಾನುವಾರ ಚರ್ಚಲ್ಲಿ ನಾನು ಮಾತಾಡಲ್ಲಪ್ಪ."

"ಸ್ಕೂಲ್ ಮುಗಿಸಿದ ಮಕ್ಕಳಿಗೆಲ್ಲ ಧೈರ್ಯ ಹೇಳ್ತೀನಿ ಅಂತ ನೀನೇ ಒಪ್ಕೊಂಡಿದ್ದೆ."

"ದೇವರು ಕೈಹಿಡಿದ ಅಂತ ಹೇಗೆ ಹೇಳ್ಲಿ? ಗಣಿತ ಪರೀಕ್ಷೆಲಿ ಎರಡು ಲೆಕ್ಕ ಪಕ್ಕದವಳದ್ದು ನೋಡಿ ಬರೆದೆ."

ಪಾಸ್ಟರು ಸುತ್ತ ನೋಡಿದರು. ಟೈಲರ್ ಹೆಂಗಸು ಥಟ್ಟನೆ ಗೋಡೆಯ ಕಡೆ ತಿರುಗಿದಳು.

"ಯಾರಿಗೆ ಗೊತ್ತು?"

"ಈಗ ನಿಮಗೆ. ಹೆಡ್‌ಮೇಡಂಗೂ ಹೇಳ್ಬೇಕು."

"ರಿಸಲ್ಟ್ ತಡೆಹಿಡೀತಾರೆ. ಒಂದು ವರ್ಷ ಹಾಳಾಗುತ್ತೆ. ಭಾನುವಾರ ಬೇರೆ ಯಾರಾದ್ರೂ ಮಾತಾಡ್ಲಿ. ಸುಮ್ನೆ ಮಾರ್ಕ್ಸ್ ಕಾರ್ಡ್ ತಗೊಂಡು ಹೋಗೋಣ."

"ಸುಮ್ನಿರು ಅಂತ ನೀವೇ ಹೇಳ್ತಿದೀರಾ?"

ಸಾಲು ಎರಡು ಹೆಜ್ಜೆ ಮುಂದೆ ಸರಿಯಿತು.

"ಬಿದ್ದವರನ್ನ ಯೇಸು ಎತ್ತುತ್ತಾನೆ ಅಂತ ವಾರವಾರ ಹೇಳ್ತೀನಿ," ಎಂದರು ಪಾಸ್ಟರು. "ನನ್ನ ಮಗಳ ವಿಷಯ ಬಂದಾಗ ಹೆದರಿಬಿಟ್ಟೆ ನೋಡು."

"ನಂಗೂ ಹೆದರಿಕೆನೇ ಅಪ್ಪ. ಫೇಲ್ ಮಾಡಿದ್ರೆ?"

"ಮತ್ತೆ ಬರಿ. ಆಗ್ಲೂ ನೀನು ನನ್ನ ಮಗಳೇ. ದೇವರ ಮಗಳೂ ಹೌದು."

"ಮುಂದಿನವರು ಬನ್ನಿ," ಎಂದರು ಕಿಟಕಿಯೊಳಗಿನ ಗುಮಾಸ್ತರು.

ತಂದೆ ಮಗಳು ಸಾಲು ಬಿಟ್ಟರು.

"ನಾನೇ ಹೇಳ್ತೀನಿ."

"ನೀನೇ ಹೇಳು. ನಾನು ಪಕ್ಕದಲ್ಲಿರ್ತೀನಿ."

ಅವರಿಬ್ಬರೂ ಹೆಡ್‌ಮೇಡಂ ಕೋಣೆಯ ಒಳಗೆ ಹೋಗುವವರೆಗೂ ಟೈಲರ್ ಹೆಂಗಸು ತನ್ನ ಸರದಿ ಬಂದರೂ ಕಿಟಕಿಯತ್ತ ಹೆಜ್ಜೆಯಿಡಲಿಲ್ಲ.