ಬಾಲದವಳ ಕಲ್ಲು

ದೀಪ ಹಾಗೇ ಇರಲಿ, ಆರಿಸಬೇಡಿ. ಕತ್ತಲು ಮಾಡಿಕೊಂಡು ಹೇಳಿದರೆ ಯಾವ ಕತೆಗಾದರೂ ಹೆದರಿಕೆಯಾಗುತ್ತೆ. ಇದಕ್ಕೆ ಆ ಸಹಾಯ ಬೇಡ.

ಇದು ನನ್ನ ದೊಡ್ಡಮ್ಮನ ಮಗಳಿಗೆ ಆದದ್ದು. ಅಕ್ಕ ಸುಳ್ಳು ಹೇಳುವವಳಲ್ಲ. ಸುಳ್ಳು ಹೇಳೋಕೆ ಬರುತ್ತಿದ್ದರೆ ಅವಳ ಆಫೀಸಿನಲ್ಲಿ ಇಷ್ಟು ಹೊತ್ತಿಗೆ ದೊಡ್ಡ ಕುರ್ಚಿ ಹತ್ತಿರುತ್ತಿದ್ದಳು.

ಅವತ್ತು ರಾತ್ರಿ ಅವಳು ಕಾಲುವೆಯ ಏರಿ ಹಿಡಿದು ಒಬ್ಬಳೇ ಮನೆಗೆ ಬರುತ್ತಿದ್ದಳು. ಹೆದ್ದಾರಿ ದಾಟಿದರೆ ಒಂದು ಹಾಳು ಬಾವಿ ಸಿಗುತ್ತೆ. ಅದರ ಕಟ್ಟೆ ಅರ್ಧ ಕುಸಿದಿದೆ. ಅಲ್ಲಿಗೆ ಬಂದಳು...

"ಮಾಮಾ, ದೆವ್ವ ಈಗ ಬರುತ್ತಾ?"

ತಾಳೇ, ಏನವಸರ? ದೆವ್ವಕ್ಕಿಂತ ಮುಂಚೆ ಆಫೀಸು ಬರಬೇಕು.

ದನಗಾಹಿಗಳನ್ನು ನೀವೂ ನೋಡಿದ್ದೀರಿ. ಬೆಟ್ಟದ ಮೇಲೆ ಹುಲ್ಲು ಒಣಗಿತು ಅಂದರೆ ಮಂದೆ ಹೊಡೆದುಕೊಂಡು ಬಯಲಿಗೆ ಇಳಿಯುತ್ತಾರೆ. ಬಯಲು ಬಿಸಿಲಿಗೆ ಕಾಯುವ ಹೊತ್ತಿಗೆ ಮತ್ತೆ ಹತ್ತುತ್ತಾರೆ. ಅವರಪ್ಪ ನಡೆದದ್ದೂ ಹಾಗೇ, ಅವರಜ್ಜ ನಡೆದದ್ದೂ ಹಾಗೇ. ಅವರ ದಾರಿಯ ಎರಡೂ ಕಡೆ ಹೊಲದವರು ತಂತಿ ಬೇಲಿ ಎಳೆದರು. ನಡುವೆ ಉಳಿದ ದಾರಿಯನ್ನೇ ತೋಡಿ ಸರ್ಕಾರ ಕಾಲುವೆ ಮಾಡಿತು. ಆಮೇಲೆ ಎಲ್ಲರೂ ಸೇರಿ ಆಶ್ಚರ್ಯಪಟ್ಟರು... ಈ ದನಗಳು ಯಾಕಪ್ಪಾ ಕಾಲುವೆಯೊಳಗೆ ನಡೀತವೆ!

ಕೊನೆಗೆ ಒಂದು ಏರ್ಪಾಡಾಯಿತು. ಮಂದೆ ಬರುವ ಕಾಲಕ್ಕೆ ತೂಬು ಮುಚ್ಚಿ ಕಾಲುವೆ ಒಣಗಿಸುವುದು. ಮಂದೆ ಕಾಲುವೆಯೊಳಗೇ ನಡೆದು, ಹೆದ್ದಾರಿಯ ಕೆಳಗಿನ ಸುರಂಗ ಹಾದು, ಆಚೆ ಕಡೆ ಏರಿ ಹತ್ತಿಕೊಳ್ಳುವುದು. ಹತ್ತಿದ ಮೇಲೆ ನೀರು ಬಿಡುವುದು. ಹತ್ತಿದ್ದು ಗೊತ್ತಾಗೋದು ಹೇಗೆ? ಎಲ್ಲಕ್ಕೂ ಮುಂದೆ ನಡೆಯುವ ಹಸುವಿನ ಕೊರಳಿಗೆ ಒಂದು ಪಟ್ಟಿ ಕಟ್ಟಿದರು. ಪಟ್ಟಿಯೊಳಗೆ ಯಂತ್ರ. ಹಸು ಹೋದಲ್ಲೆಲ್ಲ ಆಫೀಸಿನ ನಕ್ಷೆಯ ಮೇಲೆ ಒಂದು ಕೆಂಪು ಚುಕ್ಕಿ ಹೋಗುತ್ತೆ.

ಆ ಚುಕ್ಕಿ ನೋಡುವುದೇ ಅಕ್ಕನ ಕೆಲಸ. ಯಾವ ಮಂದೆ ಯಾವ ತಿಂಗಳು ಎಲ್ಲಿ ಮೇಯಿತು, ಎಲ್ಲಿ ತಂಗಿತು, ಯಾವಾಗ ಎದ್ದು ಹೊರಟಿತು, ಎಲ್ಲ ಅವಳ ಕಣ್ಣ ಮುಂದೆ. ಚುಕ್ಕಿ ಹೆದ್ದಾರಿ ದಾಟಿದ ಕೂಡಲೇ ತೂಬಿನವನಿಗೆ ಫೋನು ಮಾಡಬೇಕು. "ದಾಟಿತು, ಬಿಡಿ." ಇಷ್ಟೇ ಮಾತು. ಹೋದ ವರ್ಷವೂ ಕುರ್ಚಿಯಲ್ಲಿ ಕೂತು, ಚಹಾ ಕುಡೀತಾ, ಮಾಡಿದ್ದಳು. ಮಾಡಿ, ಮನೆಗೆ ಬಂದು, ಚೆನ್ನಾಗಿ ನಿದ್ದೆ ಹೊಡೆದಿದ್ದಳು.

ಈ ಸಲ ಮಂದೆ ತಡವಾಯಿತು. ಆಫೀಸಿಗೆ ಬೀಗ ಹಾಕುವ ಹೊತ್ತಾಯಿತು. ಸಾಹೇಬ ಅಂದ, "ಚುಕ್ಕಿ ನಿನ್ನ ಫೋನಿನಲ್ಲೂ ಕಾಣುತ್ತಲ್ಲ? ದಾರೀಲಿ ನೋಡ್ಕೊಂಡು ಹೋಗು. ದಾಟಿದ ತಕ್ಷಣ ತಿಳಿಸು. ಹೊಲದವರು ನನ್ನ ತಲೆ ತಿನ್ತಾ ಇದಾರೆ."

ಹಾಗೆ ಅವಳು ಏರಿಯ ಮೇಲೆ ಬಂದದ್ದು.

ಸುರಂಗದ ಆಚೆ ಬಾಯಿಯಲ್ಲಿ, ಆ ಹಾಳು ಬಾವಿಯ ಹತ್ತಿರವೇ, ದನಗಳು ಏರಿ ಹತ್ತುತ್ತಿದ್ದವು. ಚುಕ್ಕಿಯನ್ನು ಅಷ್ಟು ವರ್ಷ ನೋಡಿದವಳು ಮಂದೆಯನ್ನು ನೋಡಿದ್ದು ಅವತ್ತೇ ಮೊದಲು. ಗೊರಸು ಮಣ್ಣಿಗೆ ಒತ್ತುವ ದಪ್ ದಪ್, ಮೂಗಿನ ಬುಸ್... ಅಷ್ಟೇ ಸದ್ದು. ಕೊರಳಿನಲ್ಲಿ ಗಂಟೆಗಳಿದ್ದವು, ಬಡಿಯುತ್ತಿರಲಿಲ್ಲ.

ಮುಂದೆ ನಡೆಯುವ ದನಗಾಹಿ, ಬಿಳಿ ಮೀಸೆಯವನು, ಅಲ್ಲೇ ನಿಂತಿದ್ದ. ಅಕ್ಕ ಕೇಳಿದಳು, "ಅಣ್ಣಾ, ಗಂಟೆ ಯಾಕೆ ಕೇಳಿಸ್ತಿಲ್ಲ?"

"ಹುಲ್ಲು ತುರುಕಿದೀವಿ ತಂಗಿ. ಹೊಲದ ನಾಯಿ ಎದ್ದರೆ ಹೊಲದವರೂ ಏಳ್ತಾರೆ. ನಾಯಿಗಾದ್ರೆ ಕಚ್ಚಿದ ಮೇಲೆ ಬಿಡೋ ಬುದ್ಧಿ ಇದೆ."

ಹಾಗಂದವನು ಬಗ್ಗಿ, ಅಂಗೈಯಗಲದ ಒಂದು ಕಲ್ಲು ಹುಡುಕಿ, ಏರಿಯ ಅಂಚಿನಲ್ಲಿ ಇಟ್ಟ. ಬಿಸಿಲಿಗೆ ಬೆಳ್ಳಗಾದ ಮೈ ಮೇಲಕ್ಕೆ, ಮಣ್ಣು ಹತ್ತಿದ ಕರಿ ಮೈ ಕೆಳಕ್ಕೆ.

"ಇದೇನು?"

"ಮೊದಲು ದಾಟಿದವನು ಕಲ್ಲು ಇಡಬೇಕು. ಮಂದೆಯ ಹಿಂದೆ, ಎಲ್ಲರಿಗಿಂತ ಕೊನೇಲಿ ಒಬ್ಬರು ನಡೀತಾರೆ. ಅವರನ್ನ ಬಾಲ ಅಂತೀವಿ. ಬಾಲ ಬಂದು ಕಲ್ಲು ಮಗುಚಿ ಹೋಗಬೇಕು. ಕರಿ ಮೈ ಮೇಲಾಯ್ತು ಅಂದ್ರೆ ಹಿಂದೆ ಯಾರೂ ಉಳಿದಿಲ್ಲ ಅಂತ."

ಪಕ್ಕದಲ್ಲೇ ಇನ್ನೊಂದು ಕಲ್ಲಿತ್ತು. ಬೆಳ್ಳಗೆ, ಸುತ್ತ ಧೂಳು ಕೂತಿತ್ತು. ಅಕ್ಕ ಅದರ ಕಡೆ ಕಾಲು ಚಾಚಿದಳು. ದನಗಾಹಿ ಕೋಲು ಅಡ್ಡ ಹಿಡಿದ.

"ಅದನ್ನ ಮುಟ್ಟಬೇಡ. ಹೋದ ವರ್ಷದ್ದು."

"ಇನ್ನೂ ಮಗುಚೇ ಇಲ್ಲವಲ್ಲ?"

"ಬಾಲ ಬಂದಿಲ್ಲ" ಅಂದ. ಅಂದು, ದನಗಳ ಹಿಂದೆ ಕತ್ತಲಿಗೆ ಹೊರಟುಹೋದ.

ತಮಾಷೆ ಮಾಡಿದ ಅಂದುಕೊಂಡಳು ಅಕ್ಕ. ಸುರಂಗದಿಂದ ಇನ್ನೊಂದಿಷ್ಟು ದನ ಬಂದವು. ಆಮೇಲೆ ಒಂದು ಮುದಿ ಎತ್ತು ಬಂತು. ಆಮೇಲೆ ಏನೂ ಬರಲಿಲ್ಲ.

ಫೋನು ತೆಗೆದು ನೋಡಿದಳು. ಚುಕ್ಕಿ ಹೆದ್ದಾರಿ ದಾಟಿ ಎಷ್ಟೋ ದೂರ ಹೋಗಿತ್ತು. ತೂಬಿನವನ ನಂಬರು ತೆಗೆದಳು...

ಪಚಕ್... ಪಚಕ್... ತೊಟ ತೊಟ ತೊಟ.

ಒದ್ದೆ ಬಟ್ಟೆ ಹಿಂಡುವ ಸದ್ದು.

ಬಾವಿಯ ಕಟ್ಟೆಯ ಮೇಲೆ ಒಬ್ಬಳು ಮುದುಕಿ ಕೂತಿದ್ದಳು. ದಪ್ಪನೆಯ ಕಂಬಳಿ. ಒಂದು ತುದಿಯಿಂದ ಹಿಂಡುತ್ತಾ ಬರುತ್ತಿದ್ದಳು.

ನಿಮಗೆ ಗೊತ್ತಾಯಿತು ಬಿಡಿ, ಮುಖ ನೋಡಿದರೇ ತಿಳಿಯುತ್ತೆ. ನೀವು ಇಲ್ಲಿ ದೀಪದ ಕೆಳಗೆ ಕೂತಿದ್ದೀರಿ. ಅಕ್ಕನಿಗೆ ಗೊತ್ತಾಗಲಿಲ್ಲ. ಯಾರೋ ದನಗಾಹಿಯ ಮನೆಯವಳು ಅಂದುಕೊಂಡಳು.

"ಯಾರಿಗೆ ಫೋನು?" ಮುದುಕಿ ಪಿಸುಗುಟ್ಟಿದಳು.

"ತೂಬಿನವರಿಗೆ ಅಜ್ಜಿ. ದನ ಎಲ್ಲ ದಾಟಿದವಲ್ಲ."

"ಮಂದೆಯ ಮೂಗು ದಾಟಿತು... ಬಾಲ?"

ಅಕ್ಕನ ಬೆರಳು ನಂಬರಿನ ಮೇಲೇ ನಿಂತಿತು.

"ಹೋದ ಸಲ ಫೋನು ಮಾಡಿದ್ದು ಯಾರು?"

"ನಾನೇ ಅಜ್ಜಿ." ಸ್ವಲ್ಪ ಜಂಬದಲ್ಲೇ ಅಂದಳಂತೆ.

ಮುದುಕಿ ಹಿಂಡುವುದನ್ನು ನಿಲ್ಲಿಸಿದಳು. ಕಂಬಳಿಯನ್ನು ಮಡಿಲಿಗೆ ಎಳೆದುಕೊಂಡು ಅಂದಳು,

"ನೀರು ತಣ್ಣಗಿತ್ತು ಮಗಳೇ."

ಅಷ್ಟರಲ್ಲಿ ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ಅಕ್ಕ ಬೆಚ್ಚಿ ಅದರ ಕಡೆ ನೋಡಿದಳು. ಸಾಹೇಬ. ತಲೆಯೆತ್ತಿದರೆ ಕಟ್ಟೆಯ ಮೇಲೆ ಯಾರೂ ಇಲ್ಲ. ಕಲ್ಲಿನ ಸಂದಿಯಿಂದ ನೀರು ಮಾತ್ರ ಇಳಿಯುತ್ತಿತ್ತು.

"ಏನಮ್ಮಾ, ಚುಕ್ಕಿ ದಾಟಿ ಯಾವ ಕಾಲವಾಯ್ತು? ಫೋನು ಮಾಡೋಕೇನು ಮುಹೂರ್ತ ನೋಡ್ತಿದೀಯಾ?"

ಅದೇ ಹೊತ್ತಿಗೆ ಸುರಂಗದ ಒಳಗಿಂದ...

ಟೊಕ್.

ಹುಲ್ಲು ತುರುಕಿದ ಗಂಟೆ ಕಣಕಣ ಅನ್ನೋದಿಲ್ಲ. ಒದ್ದೆ ಮರಕ್ಕೆ ಬೆರಳ ಗೆಣ್ಣು ತಟ್ಟಿದ ಹಾಗೆ ಟೊಕ್ ಅನ್ನುತ್ತೆ.

ಟೊಕ್... ಟೊಕ್.

"ಸಾರ್, ಒಳಗೆ ಇನ್ನೂ ಇದ್ದಾರೆ ಸಾರ್."

"ಯಾರು ನೋಡಿದ್ದು?"

"ಸದ್ದು ಬರ್ತಿದೆ."

"ಸದ್ದು! ಮೇಲಿಂದ ಉಪಗ್ರಹ ದಾಟಿತು ಅಂತಿದೆ, ನೀನು ಸದ್ದು ಅಂತೀಯ. ನಾನೇ ತೂಬಿನವನಿಗೆ ಹೇಳ್ತೀನಿ, ಇಡು."

ಇಟ್ಟ. ಅಕ್ಕ ತೂಬಿನವನಿಗೆ ಮಾಡಿದಳು. ಲೈನು ಬಿಜಿ. ಮತ್ತೆ ಮಾಡಿದಳು. ಬಿಜಿ. ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು. ಹೆದ್ದಾರಿ ಹತ್ತಿ, ದಾಟಿ, ಆಚೆ ಏರಿ ಹಿಡಿದು ತೂಬಿನವರೆಗೆ. ಒಂದು ಲಾರಿಯವನು ಬಾಯಿಗೆ ಬಂದಂತೆ ಬೈದು ಹೋದ.

ತೂಬಿನವನು ತೂಬಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದ. ವಯಸ್ಸಾದವನು, ಕೆಮ್ಮಿನವನು, ಅವನಿಗಿಂತ ಮುಂಚೆ ಅವನ ಕೆಮ್ಮು ಊರು ಸೇರುತ್ತೆ. ತೂಬು ತಿರುಗಿಸುವ ಕಬ್ಬಿಣದ ಹಿಡಿ ಅವನ ತೊಡೆಯ ಮೇಲಿತ್ತು. ಇನ್ನೂ ಸಿಕ್ಕಿಸಿರಲಿಲ್ಲ.

"ಬಿಡಬೇಡ ಮಾವ! ಒಳಗೆ ಬಾಲ ಇದೆ!"

"ಬಿಡು ಅಂತ ಸಾಹೇಬರು ಹೇಳಿ ಆಯ್ತು. ನನ್ನ ಕೈ ಏಳ್ತಾ ಇಲ್ಲ ತಾಯಿ."

"ಯಾಕೆ?"

ಅವನು ಕಾಲುವೆಯ ಕಡೆ ನೋಡಿಕೊಂಡೇ ಹೇಳಿದ. "ಹೋದ ವರ್ಷ ನೀನು ಫೋನು ಮಾಡ್ದೆ, ನಾನು ಬಿಟ್ಟೆ. ನೀರಿನ ಸದ್ದಿನ ಜೊತೆ ಒಂದು ಸದ್ದು ಬಂತು. ಗಂಟೆ ಅಂತ ಆಮೇಲೆ ಗೊತ್ತಾಯ್ತು. ಬೆಳಿಗ್ಗೆ ಕೆಳಗಡೆ ಕಾಲುವೆಗೆ ಅಡ್ಡ ಹಾಕಿರೋ ಜಾಲರೀಲಿ ಕರುಗಳು ಸಿಕ್ಕಿದ್ವು... ಜೊತೆಗೆ ಒಬ್ಬಳು ಮುದುಕಿ. ಕಂಬಳಿ ಹೊದ್ಕೊಂಡಿದ್ಲು. ಎಷ್ಟು ನೀರು ಕುಡಿದಿತ್ತು ಅಂದ್ರೆ, ಇಬ್ಬರು ಸೇರಿ ಹಿಂಡಿದೀವಿ ತಾಯಿ ಆ ಕಂಬಳಿನ."

ಅಕ್ಕ ಹೆದ್ದಾರಿಯಾಚೆ, ಬಾವಿಯಿದ್ದ ಕಡೆ ತಿರುಗಿ ನೋಡಿದಳು.

"ನನಗೆ ಯಾಕೆ ಹೇಳ್ಲಿಲ್ಲ ಮಾವ?"

"ಸಾಹೇಬರಿಗೆ ಹೇಳ್ದೆ. ಚುಕ್ಕಿ ದಾಟಿತ್ತು, ಅಂದ್ರೆ ಮಂದೆ ದಾಟಿತ್ತು, ಮುದುಕಿ ಬೇರೆ ಎಲ್ಲಿಂದಲೋ ಬಂದು ಬಿದ್ದಿರಬೇಕು ಅಂದ್ರು."

ಕೇಳಿದಿರಾ? ಹಸುವಿನ ಕೊರಳಿಗೆ ಚುಕ್ಕಿ ಕಟ್ಟೋಕೆ ದುಡ್ಡಿದೆ. ಆ ಹಸುವಿನ ಹಿಂದೆ ನಡೆಯುವ ಮುದುಕಿ ನಕ್ಷೆಯಲ್ಲಿಲ್ಲ. ನಕ್ಷೆಯಲ್ಲಿ ಇಲ್ಲದವಳು ಕಾಲುವೆಯಲ್ಲಿ ಇರೋದು ಹೇಗೆ? ಹೀಗೆ ಕೊಂದವರಿಗೆ ಕೈ ತೊಳೆಯೋ ಕೆಲಸವೂ ಇರೋದಿಲ್ಲ. ನೀರು ಅವರ ಹತ್ತಿರವೇ ಬೇಕಾದಷ್ಟಿದೆ.

ಫೋನು ಮತ್ತೆ ಹೊಡೆದುಕೊಂಡಿತು. ಸಾಹೇಬ. ಈಗ ನೀರು ಬಿಡದಿದ್ದರೆ ಇಬ್ಬರಿಗೂ ನಾಳೆಯಿಂದ ಕೆಲಸವಿಲ್ಲ ಅಂದ. ಅಕ್ಕ ಫೋನು ಆರಿಸಿದಳು. ತೂಬಿನವನ ತೊಡೆಯ ಮೇಲಿಂದ ಹಿಡಿ ಎತ್ತಿ ಕಂಕುಳಲ್ಲಿ ಇರುಕಿಕೊಂಡಳು.

"ಕೇಳಿದ್ರೆ ನಾನು ಕಿತ್ಕೊಂಡು ಹೋದೆ ಅನ್ನು. ಮನೇಲಿ ನಿನ್ನ ಕಡೆ ತಿನ್ನೋ ಬಾಯಿ ಜಾಸ್ತಿ."

"ಟಾರ್ಚ್ ತಗೊಂಡು ಹೋಗು ತಾಯಿ. ನನ್ನನ್ನ ಮಾತ್ರ ಅದರೊಳಗೆ ಕರೀಬೇಡ" ಅಂದ ಅವನು.

ಒಬ್ಬಳೇ ಕಾಲುವೆಗೆ ಇಳಿದಳು. ಒಣ ಕೆಸರು ಕಾಲ ಕೆಳಗೆ ಪಟಪಟ ಒಡೆಯುತ್ತಿತ್ತು. ಸುರಂಗದೊಳಗೆ ಹೋದಳು. ಮೇಲೆ ಲಾರಿ ಹೋದಾಗಲೆಲ್ಲ ಗುಡುಗುಡು ಅಂತ ತಲೆ ಮೇಲೆ ಮಣ್ಣು ಉದುರುತ್ತಿತ್ತು. ಟೊಕ್... ಟೊಕ್... ಮುಂದೆ, ಇನ್ನೂ ಮುಂದೆ. ಟಾರ್ಚಿನ ಬೆಳಕು ಬಿಟ್ಟಳು.

ಎರಡು ಕಣ್ಣು ಹೊಳೆದವು. ಹಸುವಿನ ಕಣ್ಣು.

ಹಸು ಮಲಗಿತ್ತು. ಕರು ಅರ್ಧ ಹೊರಗೆ, ಅರ್ಧ ಒಳಗೆ. ಒಬ್ಬ ಹೆಂಗಸು ಮಂಡಿಯೂರಿ ಎಳೆಯುತ್ತಿದ್ದಳು. ತಲೆಯೆತ್ತಿ, ಏನೂ ಕೇಳದೆ, "ನಿಂತು ನೋಡ್ಬೇಡ, ಹಿಡಿ!" ಅಂದಳು.

ಅಕ್ಕ ಕಬ್ಬಿಣದ ಹಿಡಿಯನ್ನು ಗೋಡೆಗೆ ಒರಗಿಸಿ ಕರುವಿನ ಕಾಲು ಹಿಡಿದಳು. ಜಾರಿತು. ಸೆರಗು ಸುತ್ತಿ ಹಿಡಿದಳು. ಎಷ್ಟು ಹೊತ್ತಾಯಿತೋ. ಕೊನೆಗೆ ಪಳ್ ಅಂತ ಬಿಸಿಯಾಗಿ ಬಂದು ಇಬ್ಬರ ಮಡಿಲಿಗೆ ಬಿತ್ತು. ಉಸಿರಾಡಿತು.

"ನೀನು ಬಾಲನಾ?" ಅಕ್ಕ ಕೇಳಿದಳು.

"ಹೂಂ. ಮೊದಲು ಅತ್ತೆ ಇದ್ರು. ಈ ವರ್ಷದಿಂದ ನಾನು." ಹೆಂಗಸು ಅಂಗೈಯಿಂದ ಕರುವಿನ ಮೂಗು ಒರೆಸಿದಳು. "ನೀರು ಬಿಡ್ತಾರೆ ಅಂತ ಗೊತ್ತು. ಇದನ್ನ ಬಿಟ್ಟು ಹೋಗೋಕೆ ಆಗ್ಲಿಲ್ಲ. ಅತ್ತೇನೂ ಹಿಂಗೇ..."

"ನೀನು ಗಂಟೆ ಬಡಿದದ್ದು ಒಳ್ಳೆದಾಯ್ತು."

"ಯಾವ ಗಂಟೆ? ಗಬ್ಬದ ಹಸುವಿಗೆ ನಾವು ಗಂಟೆ ಕಟ್ಟಲ್ಲ."

ಅಕ್ಕ ಟಾರ್ಚಿನ ಬೆಳಕನ್ನು ಹಸುವಿನ ಕೊರಳ ಮೇಲೆ ಬಿಟ್ಟಳು. ಬರೀ ಕೊರಳು.

ಬಾಲದವಳು ಕರು ಹೆಗಲಿಗೆ ಹಾಕಿಕೊಂಡಳು, ಅಕ್ಕ ಕಬ್ಬಿಣದ ಹಿಡಿಯನ್ನು ಮತ್ತೆ ಕಂಕುಳಲ್ಲಿ ಇರುಕಿಕೊಂಡಳು. ಹಸು ತಡವರಿಸುತ್ತ ಹಿಂದೆ ಬಂತು. ಏರಿ ಹತ್ತಿದರು. ಬಾಲದವಳು ಒಂದು ಕೈಯಲ್ಲಿ ಕರು ಹಿಡಿದು, ಬಗ್ಗಿ, ಇನ್ನೊಂದು ಕೈಯಲ್ಲಿ ತನ್ನ ಕಲ್ಲನ್ನು ಮಗುಚಿದಳು. ಪಕ್ಕದ ಬೆಳ್ಳನೆ ಕಲ್ಲನ್ನು ನೋಡಿದಳು, ಮುಟ್ಟಲಿಲ್ಲ.

"ಅದು ಅತ್ತೇದು. ಬೇರೆಯವರು ಮುಟ್ಟೋ ಹಾಗಿಲ್ಲ." ಹಾಗಂದು ಮಂದೆ ಹೋದ ದಿಕ್ಕಿಗೆ ನಡೆದಳು. ಹೆಜ್ಜೆಯ ಸದ್ದು ಕರಗುವ ತನಕ ಅಕ್ಕ ಅಲ್ಲೇ ನಿಂತಿದ್ದಳು.

ಅವಳ ಕೆಲಸ ಹೋಯಿತು. ಅದು ಬೇರೆ ಕತೆ. ಅದರಲ್ಲಿ ದೆವ್ವ ಇಲ್ಲ, ಬರೀ ಸಾಹೇಬ ಇದ್ದಾನೆ. ಆ ಕುರ್ಚಿಯಲ್ಲಿ ಈಗ ಬೇರೆ ಯಾರೋ ಕೂತು ಚಹಾ ಕುಡೀತಿದ್ದಾರೆ. ಚುಕ್ಕಿಯನ್ನು ಈಗಲೂ ಮಂದೆಯ ಮೂಗಿಗೇ ಕಟ್ಟುತ್ತಾರೆ. ಅದಕ್ಕೇ ಮಂದೆ ಬರುವ ಕಾಲಕ್ಕೆ ಅಕ್ಕ, ನಾನು, ಇನ್ನೊಂದಿಷ್ಟು ಜನ ತೂಬಿನ ಹತ್ತಿರ ಹೋಗಿ ಕೂರೋದು. ಕಲ್ಲು ಕರಿಯಾಗೋ ತನಕ ಏಳೋದಿಲ್ಲ. ನಿಮ್ಮಲ್ಲಿ ಕೆಲವರು ಅದನ್ನ ಗಲಾಟೆ ಅಂತೀರಿ. ಅನ್ನಿ.

ಉಳಿದದ್ದು ಇಷ್ಟು.

ಬಾಲದವಳ ಹೆಜ್ಜೆ ಸದ್ದು ನಿಂತ ಮೇಲೆ ಅಕ್ಕ ಬಾವಿಯ ಹತ್ತಿರ ಹೋಗಿ ತನ್ನ ಚಪ್ಪಲಿ ಹುಡುಕಿ ಹಾಕಿಕೊಂಡಳು. ಹಿಡಿಯನ್ನು ತೂಬಿನವನಿಗೆ ಕೊಡಬೇಕಲ್ಲ, ವಾಪಸು ಅದೇ ದಾರಿಯಲ್ಲಿ ಬಂದಳು. ಏರಿಯ ಅಂಚಿಗೆ ಟಾರ್ಚಿನ ಬೆಳಕು ಬಿತ್ತು.

ಎರಡು ಕಲ್ಲೂ ಕರ್ರಗಿದ್ದವು.

ಹೋದ ವರ್ಷದ ಕಲ್ಲಿನ ಮೇಲೆ ಬೆರಳಿಟ್ಟು ನೋಡಿದಳು. ಒದ್ದೆ. ಸುತ್ತಲ ಧೂಳು ಒಣಗಿ ಹಾಗೇ ಇತ್ತು, ಒಂದು ಹೆಜ್ಜೆ ಗುರುತಿಲ್ಲ. ನೀರು ಬಂದಿರಬೇಕು ಅಂತೀರಾ? ಕಾಲುವೆಯಲ್ಲಿ ಆಗ ಒಂದು ಹನಿ ಇರಲಿಲ್ಲ. ತೂಬಿನ ಹಿಡಿ ಅವಳ ಕಂಕುಳಲ್ಲೇ ಇತ್ತು.